ಐವತ್ತೊಂದು ಕಿಲೋ

ದೊಡ್ಡ ಮಗಳು ಏಳು ಕಿಲೋ ಇಳಿಸಬೇಕು ಎಂದು ಕೋಚ್ ಹೇಳಿದ ದಿನ ಆ ಮನೆಯಲ್ಲಿ ಗಾಬರಿಯಾಗದೆ ಉಳಿದವರು ತಕ್ಕಡಿಯವರೊಬ್ಬರೇ. ಮೂವತ್ತು ವರ್ಷದಿಂದ ಅಂಗಡಿಗಳ ತಕ್ಕಡಿ ರಿಪೇರಿ ಮಾಡಿ, ಸರಿಯಿದೆ ಎಂದು ಸೀಲು ಹಾಕಿಕೊಟ್ಟು ಸಂಸಾರ ಸಾಕಿದವರು ಅವರು. ಬೀದಿಯಲ್ಲಿ ಯಾರೂ ಅವರನ್ನು ಬೇರೆ ಹೆಸರಿನಿಂದ ಕರೆಯುತ್ತಿರಲಿಲ್ಲ. ತೂಕ ತಮ್ಮ ಕಸುಬು, ಅದರಲ್ಲಿ ಹೆದರುವುದಕ್ಕೇನಿದೆ ಎಂಬುದು ಅವರ ಧೋರಣೆ.

“ವಾರಕ್ಕೆ ಆರುನೂರು ಗ್ರಾಂ. ಹನ್ನೆರಡು ವಾರ ಇದೆ. ಆಯ್ತಲ್ಲ,” ಎಂದರು.

“ಅವಳೇನು ಸಕ್ಕರೆ ಮೂಟೆನಾ, ತಳದಲ್ಲಿ ತೂತು ಮಾಡಿ ಅಷ್ಟಷ್ಟೇ ಸುರಿಯೋಕೆ?” ಎಂದಳು ಅವರ ಹೆಂಡತಿ.

ಅವಳು ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಳು. ದಿನಕ್ಕೆ ಇನ್ನೂರು ತಟ್ಟೆ ಬಡಿಸಿ, ಅದರಲ್ಲಿ ಅರ್ಧ ಹಾಗೇ ವಾಪಸು ಬರುವುದನ್ನು ನೋಡುವವಳು. ಊಟ ಸೇರದವರನ್ನು ದಿನವೆಲ್ಲ ನೋಡಿ ಮನೆಗೆ ಬಂದರೆ, ಇಲ್ಲಿ ಹಸಿದು ಕೂತವಳಿಗೆ ಬಡಿಸಬಾರದು ಎಂಬ ಕಟ್ಟಪ್ಪಣೆ.

ದೊಡ್ಡವಳಿಗೆ ಇಪ್ಪತ್ತೆರಡು. ಹದಿನಾಲ್ಕನೆಯ ವಯಸ್ಸಿನಿಂದ ಬಾಕ್ಸಿಂಗ್ ಕಲಿತವಳು. ವಿದ್ಯುತ್ ಕಂಪನಿಯ ಮಹಿಳಾ ತಂಡದಲ್ಲಿ ಒಂದೊಂದು ತೂಕಕ್ಕೆ ಒಬ್ಬೊಬ್ಬಳಿಗೆ ಜಾಗ. ತಂಡ ಸೇರಿದವಳಿಗೆ ಮೀಟರ್ ವಿಭಾಗದಲ್ಲಿ ಕೆಲಸ ಗ್ಯಾರಂಟಿ. ವಯಸ್ಸಿನ ಮಿತಿ ಇಪ್ಪತ್ತೆರಡು, ಅಂದರೆ ಇದೇ ಕೊನೆಯ ವರ್ಷ. ಅವಳ ಸಹಜ ತೂಕ ಐವತ್ತೆಂಟು. ಐವತ್ತೇಳರ ಜಾಗದಲ್ಲಿ ಕೂತವಳು ಏಳುವ ಲಕ್ಷಣವಿರಲಿಲ್ಲ, ಆ ತೂಕಕ್ಕೆ ಈ ಸಲ ಟ್ರಯಲ್ಸ್ ಕೂಡ ಇರಲಿಲ್ಲ. ಐವತ್ತನಾಲ್ಕರವಳನ್ನು ಸೋಲಿಸಿದರೆ ಆ ಜಾಗ ಸಿಗುತ್ತಿತ್ತು, ಆದರೆ ಅವಳ ಬಲಗೈ ಸುತ್ತಿಗೆ. ಐವತ್ತೊಂದರವಳು ಭುಜಕ್ಕೆ ಪೆಟ್ಟು ಮಾಡಿಕೊಂಡು ತಂಡ ಬಿಟ್ಟಿದ್ದಳು. ಖಾಲಿ ಇದ್ದದ್ದು ಅದೊಂದೇ. ಅದಕ್ಕೆ ಕಾದಿದ್ದವರು ಇವಳೂ ಸೇರಿ ಇಬ್ಬರು.

ತಕ್ಕಡಿಯವರ ತಾಯಿ, ಮನೆಯ ಅಜ್ಜಿ, ಎಲ್ಲವನ್ನೂ ಕೇಳಿಸಿಕೊಂಡು ಮೊಮ್ಮಗಳ ಸೊಂಟಕ್ಕೆ ತಿವಿದಳು. “ಮೈಗೆ ಆಗೋ ಅಂಗಿ ಹೊಲಿಸೋದು ಬಿಟ್ಟು ಅಂಗಿಗೆ ಆಗೋ ಹಾಗೆ ಮೈ ಕತ್ತರಿಸ್ಕೋತೀಯೇನೇ, ಗುದ್ದಮ್ಮ?”

“ಕೆಲಸ ಸಿಗಲಿ ಅಜ್ಜಿ, ಆಮೇಲೆ ಅಂಗಿ ಹರಿಯೋ ಹಾಗೆ ತಿಂತೀನಿ,” ಎಂದಳು ದೊಡ್ಡವಳು.

ಎಲ್ಲರೂ ನಕ್ಕರು. ತಕ್ಕಡಿಯವರೂ ನಕ್ಕರು. ಅವರ ಅಂಗಡಿಗೆ ಈಗ ವಾರಕ್ಕೆ ಇಬ್ಬರು ಮೂವರು ಬಂದರೆ ಹೆಚ್ಚು. ಎಲೆಕ್ಟ್ರಾನಿಕ್ ತಕ್ಕಡಿ ಕೆಟ್ಟರೆ ಜನ ರಿಪೇರಿ ಮಾಡಿಸುವುದಿಲ್ಲ, ಎಸೆದು ಹೊಸದು ತರುತ್ತಾರೆ. ಮಗಳಾದರೂ ಭದ್ರವಾದ ಒಂದು ಕುರ್ಚಿಯ ಮೇಲೆ ಕೂರಲಿ ಎಂಬ ಆಸೆ ಅವರಿಗೆ ಅವಳಿಗಿಂತ ಹೆಚ್ಚಾಗಿತ್ತು.

ಮನೆಯ ಮುಂದಿನ ಕೋಣೆಯೇ ಅಂಗಡಿ. ಅಲ್ಲಿದ್ದ ಗೋದಾಮಿನ ತಕ್ಕಡಿಯ ಮೇಲೆ ದೊಡ್ಡವಳು ದಿನಾ ಬೆಳಿಗ್ಗೆ ಮುಖ ತೊಳೆಯುವ ಮೊದಲೇ ನಿಲ್ಲುತ್ತಿದ್ದಳು. ಅಪ್ಪ ಕನ್ನಡಕ ಏರಿಸಿ ನೋಡಿ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ಬೆಳಿಗ್ಗೆ ಎರಡು ಮೊಟ್ಟೆಯ ಬಿಳಿ, ಮಧ್ಯಾಹ್ನ ಬೇಯಿಸಿದ ತರಕಾರಿ ಮತ್ತು ಒಂದು ಹಿಡಿ ಅನ್ನ, ಸಂಜೆ ಕೆನೆ ತೆಗೆದ ಹಾಲು ಒಂದು ಲೋಟ. ಆ ಒಂದು ಹಿಡಿ ಅನ್ನವನ್ನು ತಕ್ಕಡಿಯವರು ಆಭರಣದಂಗಡಿಯಿಂದ ರಿಪೇರಿಗೆ ಬಂದಿದ್ದ ಪುಟ್ಟ ತಕ್ಕಡಿಯಲ್ಲಿ ತೂಗುತ್ತಿದ್ದರು. ಎರಡು ಅಗುಳು ಹೆಚ್ಚಾದರೆ ತೆಗೆದು ತಮ್ಮ ಬಾಯಿಗೆ ಹಾಕಿಕೊಳ್ಳುತ್ತಿದ್ದರು.

ಉಳಿದವರಿಗೆ ಊಟ ಒಂದು ಕಳ್ಳತನವಾಯಿತು. ಒಗ್ಗರಣೆಯ ವಾಸನೆ ಬರಬಾರದೆಂದು ಅಮ್ಮ ಎಲ್ಲವನ್ನೂ ನೀರಿನಲ್ಲಿ ಬೇಯಿಸತೊಡಗಿದಳು. ಅಜ್ಜಿ ತನ್ನ ತಟ್ಟೆ ಎತ್ತಿಕೊಂಡು ಹಿತ್ತಲ ಮೆಟ್ಟಿಲಿಗೆ ಹೋಗಿ ಗೋಡೆಗೆ ಮುಖ ಮಾಡಿ ತಿನ್ನುತ್ತಿದ್ದಳು. ದೊಡ್ಡವಳ ಪಾಲಿನದೆಲ್ಲ ಹದಿನಾರು ವರ್ಷದ ಚಿಕ್ಕವಳ ತಟ್ಟೆಗೆ ಬೀಳುತ್ತಿತ್ತು. ಬಿಸಾಡಲು ಅಮ್ಮನಿಗೆ ಮನಸ್ಸಿಲ್ಲ, ಬೇಡ ಅನ್ನಲು ಚಿಕ್ಕವಳಿಗೆ ನಾಲಿಗೆಯಿಲ್ಲ. ತಿಂಗಳಾಗುವಷ್ಟರಲ್ಲಿ ಅವಳ ಸ್ಕೂಲಿನ ಬಟ್ಟೆ ಬಿಗಿಯಾಯಿತು.

“ಅಕ್ಕ ಇಳಿಸಿದ್ದನ್ನ ತಂಗಿ ಏರಿಸ್ಕೊಂಡಿದಾಳೆ,” ಎಂದಳು ಅಜ್ಜಿ ಮಗನಿಗೆ. “ಮನೆ ತೂಕ ಇದ್ದಷ್ಟೇ ಇದೆ. ನಿನ್ನ ಲೆಕ್ಕ ಕೆಡಲ್ಲ ಬಿಡು.”

ಎರಡನೆಯ ವಾರದಲ್ಲಿ ತಕ್ಕಡಿಯವರು ಒಂದು ಸಾಧನ ಮಾಡಿದರು. ಮೂಟೆ ತೂಗುವ ಹಳೆಯ ಸ್ಪ್ರಿಂಗ್ ತಕ್ಕಡಿಯೊಂದನ್ನು ಬಿಚ್ಚಿ, ನಡುಮನೆಗೆ ಹೋಗುವ ಓಣಿಯ ಗೋಡೆಗೆ ಕೂರಿಸಿ, ಅದರ ಮುಂದೆ ಚರ್ಮದ ದಿಂಬು ಕಟ್ಟಿದರು. ದಿಂಬಿಗೆ ಗುದ್ದಿದರೆ ಸ್ಪ್ರಿಂಗ್ ಒತ್ತಿಕೊಂಡು ಕಪ್ಪು ಮುಳ್ಳು ತಿರುಗಿ ಹಿಂದೆ ಬರುತ್ತಿತ್ತು. ಅದು ತಳ್ಳಿದ ಕೆಂಪು ಮುಳ್ಳು ಮಾತ್ರ ಎಲ್ಲಿಯವರೆಗೆ ಹೋಯಿತೋ ಅಲ್ಲೇ ನಿಲ್ಲುತ್ತಿತ್ತು. ಮೊದಲ ದಿನ ದೊಡ್ಡವಳು ಬಲಗೈಯಲ್ಲಿ ಹೊಡೆದಾಗ ಕೆಂಪು ಮುಳ್ಳು ನೂರಹನ್ನೆರಡರಲ್ಲಿ ನಿಂತಿತು. ಗೋಡೆಯ ಸುಣ್ಣ ಉದುರಿ ಅಜ್ಜಿಯ ತಲೆಯ ಮೇಲೆ ಬಿತ್ತು.

ದೊಡ್ಡವಳು ಆ ಮುಳ್ಳನ್ನು ಬಹಳ ಹೊತ್ತು ನೋಡಿದಳು. ತೂಕ ಇಳಿಯಲಿ, ಇದು ಇಳಿಯಬಾರದು, ಎಂದಳು. ಹೆಸರು ಕೊಟ್ಟ ವಿಭಾಗವನ್ನು ಬದಲಾಯಿಸಲು ಆರನೆಯ ವಾರದ ಶನಿವಾರದವರೆಗೆ ಅವಕಾಶವಿತ್ತು. ಅಷ್ಟರೊಳಗೆ ಈ ಮುಳ್ಳು ತೊಂಬತ್ತಕ್ಕಿಂತ ಕೆಳಗೆ ಬಂದರೆ ಐವತ್ತನಾಲ್ಕಕ್ಕೆ ಹೋಗಿ ಆ ಸುತ್ತಿಗೆಯವಳ ಜೊತೆಗೇ ಗುದ್ದಾಡುತ್ತೇನೆ ಎಂದು ಅವಳು ತೀರ್ಮಾನಿಸಿದಳು.

“ಕೋಚ್ ಮಾತು ಬೇಡ, ನನ್ನ ಮಾತೂ ಬೇಡ,” ಎಂದಳು ಅಪ್ಪನಿಗೆ. “ಹಸಿದಾಗ ನನಗೆ ಏನೇನೋ ಅನಿಸುತ್ತೆ. ನೀನು ಮುಳ್ಳು ನೋಡಿ ಹೇಳು. ನೀನು ಹೇಳಿದ್ದೇ ಫೈನಲ್.”

“ನನ್ನ ತಕ್ಕಡಿ ಯಾವತ್ತಾದ್ರೂ ಸುಳ್ಳು ಹೇಳಿದೆಯಾ?” ಎಂದರು ತಕ್ಕಡಿಯವರು. ಹೇಳಿರಲಿಲ್ಲ. ಆ ಬೀದಿಯಲ್ಲಿ ಇಬ್ಬರು ವ್ಯಾಪಾರಿಗಳ ನಡುವೆ ಜಗಳ ಬಂದರೆ ಪೊಲೀಸರಿಗಿಂತ ಮೊದಲು ಅವರನ್ನು ಕರೆಸುತ್ತಿದ್ದರು.

ಮೂರನೆಯ ವಾರದವರೆಗೆ ಎಲ್ಲ ಚೆನ್ನಾಗಿತ್ತು. ನಾಲ್ಕನೆಯದರಿಂದ ಮೈ ಬೇರೆ ಮಾತಾಡತೊಡಗಿತು. ದಿನಾ ಓಡುವ ಅದೇ ರಸ್ತೆ, ಅದೇ ವೇಗ, ಆದರೆ ಎದೆಬಡಿತ ಮೊದಲು ನಿಮಿಷಕ್ಕೆ ನೂರೈವತ್ತಿದ್ದದ್ದು ಈಗ ನೂರಾ ಎಪ್ಪತ್ತೈದಕ್ಕೆ ಏರುತ್ತಿತ್ತು. ಓಟ ನಿಲ್ಲಿಸಿ ಹತ್ತು ನಿಮಿಷ ಕೂತರೂ ಇಳಿಯುತ್ತಿರಲಿಲ್ಲ. ಬೆವರುವ ಹೊತ್ತಿನಲ್ಲಿ ಅಂಗೈ ತಣ್ಣಗಿರುತ್ತಿತ್ತು. ಎರಡನೆಯ ರೌಂಡಿಗೆ ಕಾಲು ಮರಳು ತುಂಬಿದಂತಾಗುತ್ತದೆ ಎಂದು ಅವಳೇ ತಂಗಿಯ ಹತ್ತಿರ ಹೇಳಿಕೊಂಡಳು. ಬಾಚಣಿಗೆಯಲ್ಲಿ ಕೂದಲು ಉಂಡೆಯಾಗಿ ಬರುತ್ತಿತ್ತು. ಮೊದಲು ನಗುನಗುತ್ತಾ ಮಾತಾಡುತ್ತಿದ್ದವಳು ಈಗ ಯಾರೋ ಬಾಗಿಲು ಜೋರಾಗಿ ಹಾಕಿದರೆ ಅಳುತ್ತಿದ್ದಳು, ಅತ್ತದ್ದಕ್ಕೆ ಸಿಟ್ಟಾಗುತ್ತಿದ್ದಳು.

ಒಂದು ಭಾನುವಾರ ಅಮ್ಮ ಬಟ್ಟೆಯ ಕಪಾಟು ಒರೆಸುವಾಗ ತಿಂಗಳ ಹಿಂದೆ ತಂದ ಪ್ಯಾಡಿನ ಪೊಟ್ಟಣ ಒಡೆಯದೆ ಇದ್ದದ್ದು ಕಂಡಳು. ಮಗಳನ್ನು ಕರೆದು ಕೇಳಿದರೆ, ಮುಟ್ಟು ನಿಂತಿದೆ, ಒಳ್ಳೆಯದೇ ಆಯಿತು, ಟ್ರೈನಿಂಗಿಗೆ ಅಡ್ಡ ಬರುವುದಿಲ್ಲ ಎಂದಳು. ಅಮ್ಮ ಮರುದಿನ ಡ್ಯೂಟಿಗೆ ತಡವಾಗಿ ಹೋದರೂ ಸರಿ ಎಂದು ಕೋಚ್ ಹತ್ತಿರ ಹೋದಳು. ಅವರು ಮರ್ಯಾದೆಯಿಂದಲೇ ಕುರ್ಚಿ ಕೊಟ್ಟು ಕೂರಿಸಿ, ಇಲ್ಲಿರುವ ಎಲ್ಲ ಹುಡುಗಿಯರಿಗೂ ಹೀಗಾಗುತ್ತದೆ, ತಿನ್ನತೊಡಗಿದ ಮೇಲೆ ಸರಿಹೋಗುತ್ತದೆ ಎಂದು ಕಳಿಸಿದರು.

“ಎಲ್ಲರ ಮನೆಗೂ ಬೆಂಕಿ ಬಿದ್ದಿದೆ ಅಂದ್ರೆ ನಮ್ಮನೇದು ಆರಿಹೋಗುತ್ತಾ?” ಎಂದು ಅವಳು ಸಂಜೆ ಗಂಡನನ್ನು ಕೇಳಿದಳು.

“ಇನ್ನು ಏಳು ವಾರ. ಆಮೇಲೆ ನೀನು ಎಷ್ಟು ಬೇಕಾದ್ರೂ ಬಡಿಸು.”

“ಆಸ್ಪತ್ರೇಲಿ ಎಲ್ಲರೂ ಹೀಗೇ ಹೇಳ್ತಾರೆ ರೀ. ನಾಳೆ ತಿಂತಾರೆ, ನಾಳೆ ತಿಂತಾರೆ. ತಟ್ಟೆ ವಾಪಸು ತರೋಳು ನಾನು.”

ಆರನೆಯ ವಾರದ ಬುಧವಾರ ದೊಡ್ಡವಳು ಓಣಿಯಲ್ಲಿ ನಿಂತು ಮೂರು ಸಲ ಹೊಡೆದಳು. ಎಂಬತ್ತಾರು, ಎಂಬತ್ತೆರಡು, ಎಂಬತ್ತನಾಲ್ಕು. ಬಾಗಿಲ ಹಿಂದಿನ ಸೀಮೆಸುಣ್ಣ ಐವತ್ನಾಲ್ಕೂವರೆ ಎನ್ನುತ್ತಿತ್ತು. ಅವಳು ಅಪ್ಪನ ಮುಖ ನೋಡಿದಳು. ತಕ್ಕಡಿಯವರು ದಿಂಬು ಸರಿಸಿ, ಸ್ಪ್ರಿಂಗಿಗೆ ಬೆರಳು ತಾಗಿಸಿ, ಇದು ಬಳಲಿದೆ ಅನಿಸುತ್ತದೆ, ಇಷ್ಟು ದಿನ ಹೊಡೆತ ತಿಂದಿದೆಯಲ್ಲ, ನೋಡಿ ಹೇಳುತ್ತೇನೆ ಎಂದರು. ಅವರು ಬೇಕೆಂದು ಹೇಳಿದ ಸುಳ್ಳಲ್ಲ ಅದು. ಅಂಕಿ ತಪ್ಪು ಬಂದರೆ ಮೊದಲು ಸ್ಪ್ರಿಂಗ್ ನೋಡಬೇಕು ಎಂಬುದು ಅವರ ಕೈಗೆ ಅಂಟಿದ ಅಭ್ಯಾಸ. ದೊಡ್ಡವಳ ಮುಖಕ್ಕೆ ಜೀವ ಬಂತು. ಚೀಲ ಎತ್ತಿಕೊಂಡು ಹೋದಳು.

ಮಧ್ಯಾಹ್ನ ಮನೆಯಲ್ಲಿ ಅಜ್ಜಿಯೊಬ್ಬಳೇ ನಿದ್ದೆ ಮಾಡುತ್ತಿದ್ದಳು. ತಕ್ಕಡಿಯವರು ಸ್ಪ್ರಿಂಗ್ ಬಿಚ್ಚಿ ತಂದು, ಸೀಲು ಹಾಕಿದ ಇಪ್ಪತ್ತು ಕಿಲೋ ಕಲ್ಲುಗಳನ್ನು ಒಂದೊಂದಾಗಿ ಅದರ ಮೇಲಿಟ್ಟರು. ಇಪ್ಪತ್ತಕ್ಕೆ ಇಪ್ಪತ್ತು. ನಲವತ್ತಕ್ಕೆ ನಲವತ್ತು. ಎಂಬತ್ತಕ್ಕೆ ಎಂಬತ್ತು. ಒಂದು ಕೂದಲೆಳೆ ಕೂಡ ಆಚೀಚೆ ಇರಲಿಲ್ಲ. ಅವರು ಕಲ್ಲುಗಳನ್ನು ಇಳಿಸಿ ಮತ್ತೆ ಮೊದಲಿನಿಂದ ಏರಿಸಿದರು. ಅಷ್ಟೇ ಬಂತು.

ಬೀಡಿ ಹಚ್ಚಿ ಮೆಟ್ಟಿಲ ಮೇಲೆ ಕೂತರು. ಐವತ್ತನಾಲ್ಕಕ್ಕೆ ಹೋದರೆ ಇವಳು ಸೋಲುತ್ತಾಳೆ, ಸೋತರೆ ವಯಸ್ಸು ಮೀರುತ್ತದೆ, ಎಂಟು ವರ್ಷ ಗುದ್ದಿದ್ದು ಗೋಡೆಗೆ ಗುದ್ದಿದ ಹಾಗೆ. ಐವತ್ತೊಂದರಲ್ಲಿ ಎದುರಾಳಿ ಇದ್ದರೂ ಅವಳೂ ಇವಳಂತೆಯೇ ಹಸಿದಿರುತ್ತಾಳೆ. ಹೋದ ಶಕ್ತಿ ಉಂಡರೆ ಬರುತ್ತದೆ, ಹೋದ ಕೆಲಸ ಬರುವುದಿಲ್ಲ. ಹೀಗೆ ಲೆಕ್ಕ ಹಾಕಿ ಎದ್ದು, ಡಬ್ಬಿಯಲ್ಲಿ ಹುಡುಕಿ, ಅದೇ ಉದ್ದದ ಮೆತ್ತನೆಯ ಸ್ಪ್ರಿಂಗ್ ಒಂದನ್ನು ಕೂರಿಸಿದರು. ಮೆತ್ತನೆಯದು ಬೇಗ ಒತ್ತಿಕೊಳ್ಳುತ್ತದೆ, ಮುಳ್ಳು ಹೆಚ್ಚು ತಿರುಗುತ್ತದೆ. ಅಂಗಡಿಯವರು ಯಾರಾದರೂ ಹೀಗೆ ಮಾಡಿಕೊಡಿ ಎಂದು ಬಂದಿದ್ದರೆ ಅವರನ್ನು ಬೀದಿಯ ಕೊನೆಯವರೆಗೆ ಅಟ್ಟಿಸಿಕೊಂಡು ಹೋಗುತ್ತಿದ್ದವರು ತಕ್ಕಡಿಯವರು.

ಗುರುವಾರ ಬೆಳಿಗ್ಗೆ ಕೆಂಪು ಮುಳ್ಳು ನೂರಮೂರಕ್ಕೆ ಹೋಯಿತು.

“ಸ್ಪ್ರಿಂಗೇ ಬಳಲಿತ್ತು ನೋಡು,” ಎಂದರು. ದೊಡ್ಡವಳು ಅಪ್ಪನನ್ನು ಅಪ್ಪಿಕೊಂಡಳು. ಶನಿವಾರ ಕಳೆಯಿತು, ಹೆಸರು ಐವತ್ತೊಂದರಲ್ಲೇ ಉಳಿಯಿತು.

ಸಂಜೆ ಹೊತ್ತು ಹಿತ್ತಲಲ್ಲಿ ಅಕ್ಕನ ಗುದ್ದಿಗೆ ಕೈಗೆ ಹಾಕುವ ಬಾಕ್ಸಿಂಗ್ ಪ್ಯಾಡ್ ಹಿಡಿಯುತ್ತಿದ್ದವಳು ಚಿಕ್ಕವಳು. ಮೊದಲೆಲ್ಲ ಹಿಡಿದ ಮೇಲೆ ಮೊಣಕೈವರೆಗೆ ನೋಯುತ್ತದೆ ಎಂದು ಐಸ್ ಇಟ್ಟುಕೊಂಡು ಕೂರುತ್ತಿದ್ದಳು. ಆ ವಾರ ಅವಳು ಅಂಗಡಿಗೆ ಬಂದು ಅಪ್ಪನ ಪಕ್ಕ ನಿಂತಳು.

“ಅಪ್ಪ, ಅಕ್ಕ ಹೊಡೆದ್ರೆ ಈಗ ನಂಗೆ ನೋಯೋದೇ ಇಲ್ಲ.”

“ನಿನ್ನ ಕೈಗೆ ಮಾಂಸ ಬಂದಿದೆ, ಅದಕ್ಕೆ,” ಎಂದರು ತಕ್ಕಡಿಯವರು ತಲೆ ಎತ್ತದೆ.

ಚಿಕ್ಕವಳ ಮುಖ ಕೆಂಪಾಯಿತು. ಅಂದಿನಿಂದ ಅವಳು ಅಕ್ಕನ ಪಾಲು ತಿನ್ನುವುದನ್ನು ನಿಲ್ಲಿಸಿದಳು, ತನ್ನ ಪಾಲಿನಲ್ಲೂ ಅರ್ಧ ಬಿಡತೊಡಗಿದಳು. ಪ್ಯಾಡಿನ ಮಾತು ಮತ್ತೆ ಯಾರ ಹತ್ತಿರವೂ ಎತ್ತಲಿಲ್ಲ. ಅಮ್ಮ ಇಬ್ಬರ ತಟ್ಟೆಯನ್ನೂ ಸಿಂಕಿಗೆ ಸುರಿಯುವಾಗ ಪಾತ್ರೆಗಳ ಸದ್ದು ಬೀದಿಗೆ ಕೇಳಿಸುತ್ತಿತ್ತು.

ಕೊನೆಯ ವಾರಕ್ಕೆ ಅನ್ನ ನಿಂತಿತು, ಕೊನೆಯ ಎರಡು ದಿನಕ್ಕೆ ನೀರೂ ನಿಂತಿತು. ದೊಡ್ಡವಳು ರೇನ್‌ಕೋಟಿನ ಒಳಗೆ ಎರಡು ಸ್ವೆಟರ್ ಹಾಕಿಕೊಂಡು ಓಡಿದಳು. ಬಿಸಿನೀರಿನ ಹಂಡೆಯ ಪಕ್ಕ ಬಾಗಿಲು ಹಾಕಿಕೊಂಡು ಕೂತಳು. ಬೆವರು ಬರುವುದೂ ನಿಂತಾಗ ಚ್ಯೂಯಿಂಗ್ ಗಮ್ ಅಗಿದು ಡಬ್ಬಿಗೆ ಉಗುಳಿದಳು. ಅಜ್ಜಿ ಒದ್ದೆ ಬಟ್ಟೆಯಿಂದ ಅವಳ ತುಟಿ ಒರೆಸಲು ಹೋದರೆ ಅಪ್ಪ, ಹೀರಿಕೊಂಡಾಳು, ಬೇಡ ಎಂದರು. ಅಜ್ಜಿ ಬಟ್ಟೆಯನ್ನು ಮಗನ ಮುಖದ ಮೇಲೆ ಎಸೆದು ಎದ್ದುಹೋದಳು.

ತೂಕದ ದಿನ ಬೆಳಿಗ್ಗೆ ಕಂಪನಿಯ ತಕ್ಕಡಿ ಐವತ್ತು ಕಿಲೋ ಒಂಬೈನೂರು ತೋರಿಸಿತು. ತಕ್ಕಡಿಯವರ ಲೆಕ್ಕ ಗ್ರಾಂ ತಪ್ಪಿರಲಿಲ್ಲ. ಇಳಿದ ಕೂಡಲೇ ಅವಳು ಒಂದು ಬಾಟಲಿ ನೀರು ಕುಡಿದು, ಹೊರಗಿನ ಚರಂಡಿಯ ಹತ್ತಿರ ಹೋಗಿ ಅಷ್ಟನ್ನೂ ವಾಂತಿ ಮಾಡಿದಳು.

ಮಧ್ಯಾಹ್ನದ ಟ್ರಯಲ್ಸಿಗೆ ಹೋದವರು ಅಪ್ಪ ಮತ್ತು ಚಿಕ್ಕವಳು. ಅಮ್ಮನಿಗೆ ಡ್ಯೂಟಿ. ಎದುರಾಳಿ ಹುಡುಗಿಯ ಕೆನ್ನೆಗಳೂ ಒಳಗೆ ಹೋಗಿದ್ದವು, ತುಟಿಗಳೂ ಒಡೆದಿದ್ದವು. ಮೊದಲ ರೌಂಡಿನಲ್ಲಿ ಇಬ್ಬರೂ ಒಂದಿಷ್ಟು ಕುಣಿದಾಡಿದರು. ಎರಡನೆಯದರಲ್ಲಿ ಯಾರ ಕೈಯೂ ಭುಜದ ಮೇಲೆ ಏಳಲಿಲ್ಲ. ಮೂರನೆಯದರಲ್ಲಿ ಒಬ್ಬರ ಹೆಗಲ ಮೇಲೆ ಒಬ್ಬರು ತಲೆಯಿಟ್ಟು ನಿಂತು, ಪಕ್ಕೆಗೆ ಸಣ್ಣಗೆ ತಟ್ಟುತ್ತಿದ್ದರು. ಹಿಂದಿನ ಸಾಲಿನಲ್ಲಿ ಯಾರೋ, ಜೋಗುಳ ಹಾಡ್ರಪ್ಪ, ಮಕ್ಕಳು ಮಲಗ್ತಾವೆ ಎಂದ. ಜನ ನಕ್ಕರು. ಚಿಕ್ಕವಳು ಕಿವಿ ಮುಚ್ಚಿಕೊಂಡು ಕೂತಳು. ಒಂದು ಅಂಕದಿಂದ ದೊಡ್ಡವಳ ಕೈ ಎತ್ತಿದರು. ಸೋತವಳು ರಿಂಗಿನಿಂದ ಇಳಿಯುವಾಗ ಹಗ್ಗ ಹಿಡಿದು ಬಹಳ ಹೊತ್ತು ನಿಂತಿದ್ದಳು, ಎಲ್ಲಿಗೆ ಹೋಗಬೇಕೆಂದು ಮರೆತವಳ ಹಾಗೆ.

ತಕ್ಕಡಿಯವರಿಗೆ ಅಂದು ಸಂತೋಷವಾಯಿತು. ಅದನ್ನು ಇಲ್ಲವೆಂದರೆ ಸುಳ್ಳಾಗುತ್ತದೆ.

ನೇಮಕದ ಪತ್ರ ವಾರದಲ್ಲಿ ಬಂತು. ದೊಡ್ಡವಳೇ ಊಟದ ಹೊತ್ತಿಗೆ ಓದಿದಳು. ಅಮ್ಮ ಅಂದು ಎಣ್ಣೆ ಹಾಕಿ ಅಡುಗೆ ಮಾಡಿದ್ದಳು. ಮೊದಲ ಮೂರು ವರ್ಷ, ಪ್ರತಿ ತಿಂಗಳ ಒಂದನೇ ತಾರೀಖು ಕಂಪನಿಯಲ್ಲಿ ತೂಕ. ತನ್ನ ವಿಭಾಗಕ್ಕಿಂತ ಒಂದು ಕಿಲೋ ಮೇಲಿನವರೆಗೆ ಮಾಫಿ, ಅದನ್ನು ದಾಟಿದರೆ ನೇಮಕ ರದ್ದು. ಆ ಸಾಲನ್ನು ಅವಳು ಎರಡು ಸಲ ಓದಿದಳು. ಆಮೇಲೆ ತನ್ನ ತಟ್ಟೆಯಿಂದ ಅರ್ಧ ತೆಗೆದು ಪಾತ್ರೆಗೆ ವಾಪಸು ಹಾಕಿದಳು.

“ಮೂರು ವರ್ಷನಾ?” ಎಂದಳು ಅಮ್ಮ.

“ಐವತ್ತೆರಡು ಅಮ್ಮ, ಐವತ್ತೊಂದಲ್ಲ. ಒಂದು ಕಿಲೋ ಬಿಟ್ಟಿದಾರೆ.”

ಕೆಲಸಕ್ಕೆ ಹೋಗತೊಡಗಿದಳು. ಬೆಳಿಗ್ಗೆ ಓಟ, ಹತ್ತರಿಂದ ಮೀಟರ್ ರೀಡಿಂಗಿನ ಪಟ್ಟಿ ತಿದ್ದುವುದು, ಸಂಜೆ ರಿಂಗ್. ಮೊದಲ ಒಂದನೇ ತಾರೀಖು ಪಾಸಾದಳು. ಎರಡನೆಯದೂ ಪಾಸಾದಳು. ಮೂರನೆಯ ತಿಂಗಳಲ್ಲಿ ಓಡುವಾಗ ಎಡಗಾಲಿನ ಮುಂದೆಲುಬು ಚುಚ್ಚತೊಡಗಿತು. ಅವಳು ಬಟ್ಟೆ ಬಿಗಿದುಕೊಂಡು ಓಡಿದಳು. ಒಂದು ಬೆಳಿಗ್ಗೆ ಬಸ್ ನಿಲ್ದಾಣದ ಮೆಟ್ಟಿಲಿನಿಂದ ಸುಮ್ಮನೆ ಇಳಿದದ್ದೇ ನೆಪ, ಅಲ್ಲೇ ಕೂತುಬಿಟ್ಟಳು.

ಅಮ್ಮ ತನ್ನ ಆಸ್ಪತ್ರೆಗೇ ಕರೆದೊಯ್ದಳು. ಡಾಕ್ಟರು ಎಕ್ಸ್‌ರೇ ನೋಡಿ, ಬಿದ್ದಳೇ, ಯಾರಾದರೂ ಒದ್ದರೇ ಎಂದು ಕೇಳಿದರು. ಯಾವುದೂ ಇಲ್ಲ. ಇದು ಅರವತ್ತು ವರ್ಷದವಳ ಎಲುಬಿನ ಹಾಗಿದೆ, ತಿನ್ನದೆ ದುಡಿಸಿದರೆ ಮೈ ತನ್ನ ಎಲುಬನ್ನೇ ಕರಗಿಸಿಕೊಂಡು ತಿನ್ನುತ್ತದೆ, ಬಿರುಕು ಬಿಟ್ಟಿದೆ ಎಂದರು. ಮೊಣಕಾಲಿನ ಕೆಳಗೆ ಪ್ಲಾಸ್ಟರು. ಮೂರು ತಿಂಗಳು ಓಟವಿಲ್ಲ. ಮುಖ್ಯವಾಗಿ ಹೊಟ್ಟೆ ತುಂಬ ಊಟ.

“ಒಂದನೇ ತಾರೀಖು ಬರೋ ಗುರುವಾರ,” ಎಂದಳು ದೊಡ್ಡವಳು. ಡಾಕ್ಟರಿಗೆ ಅರ್ಥವಾಗಲಿಲ್ಲ. ಅಮ್ಮನಿಗೆ ಆಯಿತು.

ಅಂದು ಸಂಜೆ ಎಲ್ಲರೂ ಊಟಕ್ಕೆ ಕೂತಿದ್ದಾಗ ತಕ್ಕಡಿಯವರು ಸ್ಪ್ರಿಂಗಿನ ಸಂಗತಿ ಹೇಳಿದರು. ಯಾರೂ ಕೇಳಿರಲಿಲ್ಲ. ಕಲ್ಲು ಇಟ್ಟು ನೋಡಿದ್ದು, ಅದು ಸರಿಯಿದ್ದದ್ದು, ಬದಲಾಯಿಸಿದ್ದು, ಎಲ್ಲವನ್ನೂ ಗಿರಾಕಿಗೆ ಬಿಲ್ಲು ಓದಿ ಹೇಳುವಂತೆ ಒಂದೇ ದನಿಯಲ್ಲಿ ಹೇಳಿದರು. ಚಿಕ್ಕವಳು ಎದ್ದು ಒಳಗೆ ಹೋದಳು. ಅಜ್ಜಿ ಮಗನನ್ನು ನೋಡಿ, ನಿಮ್ಮಪ್ಪ ಇದ್ದಿದ್ರೆ ಅಂಗಡಿ ಬಾಗಿಲು ಹಾಕಿಸ್ತಿದ್ರು ಕಣೋ ಎಂದಳು. ಅವರು ಮಗಳ ಬಾಯಿಂದ ಬೈಗುಳ ಬರಲೆಂದು ಕಾದು ಕೂತರು.

ದೊಡ್ಡವಳು ಪ್ಲಾಸ್ಟರು ಹಾಕಿದ ಕಾಲನ್ನು ಸ್ಟೂಲಿನ ಮೇಲೆ ಸರಿಮಾಡಿಕೊಂಡಳು. “ನಿಜ ಹೇಳಿದ್ರೆ ನಾನು ಐವತ್ತನಾಲ್ಕಕ್ಕೆ ಹೋಗ್ತಿದ್ದೆ. ಸೋಲ್ತಿದ್ದೆ. ಈ ಕೆಲಸ ಎಲ್ಲಿರ್ತಿತ್ತು? ನೀನು ಮಾಡಿದ್ದೇ ಸರಿ ಅಪ್ಪ.”

ಬೈದಿದ್ದರೆ ತಕ್ಕಡಿಯವರು ತಡೆದುಕೊಳ್ಳುತ್ತಿದ್ದರೋ ಏನೋ. ಈ ಮಾತಿಗೆ ಅವರ ಕೈಯಲ್ಲಿದ್ದ ತುತ್ತು ತಟ್ಟೆಗೇ ಬಿತ್ತು.

ಮರುದಿನದಿಂದ ಅವಳು ಮನೆಯ ತಕ್ಕಡಿಯ ಮೇಲೆ ನಿಲ್ಲಲಿಲ್ಲ. ಕೊನೆಯ ಸಲ ನಿಂತಾಗ ಪ್ಲಾಸ್ಟರೂ ಸೇರಿ ಐವತ್ತಮೂರು ಇತ್ತು. ಕಂಪನಿಯಲ್ಲೇ ನೋಡಿಕೊಳ್ಳುತ್ತೇನೆ ಎಂದಳು. ಕ್ರೀಡಾ ವಿಭಾಗದ ಅಧಿಕಾರಿ ಒಳ್ಳೆಯ ಮನುಷ್ಯ. ಪ್ಲಾಸ್ಟರಿನ ಭಾರ ಕಳೆಯಲು ಒಪ್ಪಿ, ಸೀಲು ಹಾಕುವ ಅಧಿಕಾರವಿದ್ದ ಯಾರಿಂದಾದರೂ ಅದರ ತೂಕದ ಚೀಟಿ ಬೇಕು ಎಂದಿದ್ದರು. ಅಂಥವರು ಇನ್ಯಾರು, ನಿಮ್ಮಪ್ಪನೇ ಬರೆದುಕೊಡಲಿ, ಅವರ ಮಾತು ಸಾಕು ಎಂದೂ ಹೇಳಿಕಳಿಸಿದರು. ಅಮ್ಮ ಆಸ್ಪತ್ರೆಯಿಂದ, ಯಾರದೋ ಕಾಲಿನಿಂದ ಕತ್ತರಿಸಿ ತೆಗೆದ ಅದೇ ಅಳತೆಯ ಪ್ಲಾಸ್ಟರು ತಂದಳು. ತೂಗಿದರೆ ಒಂದು ಕಿಲೋ ಇನ್ನೂರು.

ತಕ್ಕಡಿಯವರು ಪೆನ್ನು ತೆಗೆದಾಗ ಹೆಂಡತಿ ಅಂಗಡಿಯ ಬಾಗಿಲು ಮುಂದೆ ಮಾಡಿ ಬಂದಳು.

“ಕಡಿಮೆ ಬರೀರಿ.”

ಅವರು ತಲೆ ಎತ್ತಿದರು.

“ನಾನ್ನೂರು ಅಂತ ಬರೀರಿ. ತೂಕ ಜಾಸ್ತಿ ಆಗ್ಲಿ, ಕೆಲಸ ಹೋಗ್ಲಿ. ನನ್ನ ಮಗಳು ಮನೇಲಿ ಕೂತು ಉಣ್ಣಲಿ. ಒಂದು ಸಲ ಕೆಲಸಕ್ಕೋಸ್ಕರ ಸುಳ್ಳು ಹೇಳಿದ್ರಲ್ಲ, ಒಂದು ಸಲ ಅವಳಿಗೋಸ್ಕರ ಹೇಳಿ.”

ಅವರು ಪ್ಲಾಸ್ಟರನ್ನು ಇನ್ನೊಮ್ಮೆ ತೂಗಿ ನೋಡಿದರು. ಆಮೇಲೆ ನಾನ್ನೂರು ಗ್ರಾಂ ಎಂದು ಬರೆದು ಸೀಲು ಒತ್ತಿ, ಕವರಿಗೆ ಹಾಕಿ ಅಂಟಿಸಿದರು. ಐವತ್ತಮೂರರಲ್ಲಿ ನಾನ್ನೂರು ಕಳೆದರೆ ಐವತ್ತೆರಡು ಆರುನೂರು. ಮಗಳು ಖಂಡಿತ ಫೇಲಾಗುತ್ತಾಳೆ. ಸಂಜೆ ದೊಡ್ಡವಳು ಎಷ್ಟು ಬರೆದೆ ಎಂದು ಕೇಳಿದಳು. ಇದ್ದಷ್ಟು ಬರೆದಿದ್ದೇನೆ ಎಂದರು. ಅವಳು ಅಂಟಿಸಿದ ಕವರನ್ನು ಒಮ್ಮೆ, ಅಪ್ಪನನ್ನು ಒಮ್ಮೆ ನೋಡಿದಳು. ಅಂದು ಹಸಿವಿಲ್ಲ ಎಂದು ಬೇಗ ಮಲಗಿದಳು. ಮರುದಿನವೂ ಹಸಿವಿಲ್ಲ ಎಂದಳು. ಕಾಲು ನೋವಿಗೆ ಇರಬೇಕು ಎಂದುಕೊಂಡರು ಮನೆಯವರು.

ಗುರುವಾರ ಅಪ್ಪ ಮಗಳು ಬಸ್ಸಿನಲ್ಲಿ ಕಂಪನಿಗೆ ಹೋದರು. ಅವಳು ಊರುಗೋಲನ್ನು ಗೋಡೆಗೆ ಒರಗಿಸಿ, ಒಂಟಿಕಾಲಿನಲ್ಲಿ ತಕ್ಕಡಿಯ ಮೇಲೆ ನಿಂತಳು. ಅಂಕಿ ಓಲಾಡಿ ನಿಂತಿತು. ಐವತ್ತೆರಡು ಕಿಲೋ ಮುನ್ನೂರು. ಅಧಿಕಾರಿ ಕವರು ಒಡೆದು ಓದಿ, ಕಾಗದದ ಮೇಲೆ ಕಳೆದರು.

“ಐವತ್ತೊಂದು ಒಂಬೈನೂರು. ಪಾಸು,” ಎಂದು ರಿಜಿಸ್ಟರಿನಲ್ಲಿ ಬರೆದುಕೊಂಡರು. “ನೂರು ಗ್ರಾಮಲ್ಲಿ ಬಚಾವಾದೆ ನೋಡಮ್ಮ. ಇನ್ನು ಓಡೋ ಹಾಗಿಲ್ಲ, ಮೂರು ತಿಂಗಳು ತೂಕ ಹೇಗೆ ಹಿಡೀತೀಯ?”

“ಊಟ ಇನ್ನೂ ಸ್ವಲ್ಪ ಇದೆ ಸಾರ್. ಅದನ್ನ ಕಡಿಮೆ ಮಾಡ್ತೀನಿ.”

ಅಧಿಕಾರಿ ನಕ್ಕು, ಇಂಥ ಮಗಳನ್ನು ಪಡೆದದ್ದು ನಿಮ್ಮ ಪುಣ್ಯ ಎಂದು ತಕ್ಕಡಿಯವರ ಕೈ ಕುಲುಕಿದರು.

ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತಾಗ ತಕ್ಕಡಿಯವರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಪ್ಲಾಸ್ಟರು ಒಂದೂ ಇನ್ನೂರು ತೆಗೆದರೆ ಮಗಳು ಐವತ್ತೊಂದೂ ನೂರು. ನಿಜವಾದ ಚೀಟಿಗೆ ಬೇಕಾದದ್ದಕ್ಕಿಂತ ಒಂಬೈನೂರು ಗ್ರಾಂ ಕಡಿಮೆ. ಅಷ್ಟನ್ನು ಅವಳು ಯಾತಕ್ಕೆ ಇಳಿಸಿದಳು ಎಂದು ಅವರಿಗೆ ತಿಳಿಯದೆ ಇರಲಿಲ್ಲ. ಆದರೂ ಕೇಳಿದರು.

ಅವಳು ಒಣಗಿದ ತುಟಿಯನ್ನು ನಾಲಿಗೆಯಿಂದ ಸವರಿಕೊಂಡಳು. “ನಾನ್ನೂರು ಅಂತ ಬರೀತೀಯ ಅಂತ ಗೊತ್ತಿರ್ಲಿಲ್ಲ. ಏನೋ ಒಂದು ಬರೀತೀಯ ಅಂತ ಗೊತ್ತಿತ್ತು. ಅದಕ್ಕೆ ಎರಡು ದಿನ ನೀರೂ ಬಿಟ್ಟೆ.”

ಅದರಲ್ಲಿ ಸಿಟ್ಟಿರಲಿಲ್ಲ. ಅಂಗಡಿಯಲ್ಲಿ ಯಾವುದೋ ತಕ್ಕಡಿ ಇಷ್ಟು ತಪ್ಪು ತೋರಿಸುತ್ತದೆ, ಅಷ್ಟನ್ನು ಬಿಟ್ಟು ಓದಬೇಕು ಎನ್ನುವವರ ದನಿ. ತಕ್ಕಡಿಯವರು ಎದ್ದು ಹೋಗಿ ನೀರಿನ ಬಾಟಲಿ ತಂದರು. ಅವಳು ಎರಡು ಗುಟುಕು ಕುಡಿದು ಮುಚ್ಚಳ ಹಾಕಿದಳು. ಬಸ್ ಬಂತು. ಕಂಡಕ್ಟರು ಊರುಗೋಲು ನೋಡಿ ಮುಂದಿನ ಸೀಟು ಬಿಡಿಸಿಕೊಟ್ಟ.

ಕೂತ ಮೇಲೆ ಅವಳು, ಬರುವ ತಿಂಗಳು ಒಂದನೇ ತಾರೀಖು ಯಾವ ವಾರ ಬರುತ್ತದೆ ಎಂದು ಕೇಳಿದಳು. ತಕ್ಕಡಿಯವರು ಬೆರಳು ಮಡಿಚಿ ಎಣಿಸಿ, ಭಾನುವಾರ ಎಂದರು.

“ಹಾಗಾದ್ರೆ ಶನಿವಾರಾನೇ ತೂಗ್ತಾರೆ,” ಎಂದಳು ದೊಡ್ಡವಳು. “ಒಂದು ದಿನ ಮುಂಚೆ ಶುರು ಮಾಡ್ಬೇಕು.”